ಫ್ಲೆಕ್ಸಿನಲ್ಲಿ ದೀಪವಿಲ್ಲದ ಅಜ್ಜ

ಪಕ್ಕದ ಮನೆಯವರ ವಂಶದ ಕಥೆಯನ್ನು ಕತಾರಿನ ನಮ್ಮ ಅಲ್ ಹಿಲಾಲ್ ಕಾಂಪೌಂಡಿನಲ್ಲಿ ಯಾರನ್ನು ಕೇಳಿದರೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಫಿಲಿಪ್ಪೀನ್ಸಿನ ಒಂದು ಹಳ್ಳಿ. ಮುತ್ತಜ್ಜ ಜಪಾನಿಯರ ವಿರುದ್ಧ ಕಾಡಿನಲ್ಲಿ ಬಂದೂಕು ಹಿಡಿದ. ಅಜ್ಜನನ್ನು ಸರ್ವಾಧಿಕಾರಿಯ ಸೈನಿಕರು ಎತ್ತಿಕೊಂಡು ಹೋದರು. ಅಜ್ಜಿ ಜಪಮಾಲೆ ಹಿಡಿದು ಟ್ಯಾಂಕುಗಳ ಎದುರು ನಿಂತಳು. ಮಗಳು ಕತಾರಿಗೆ ಬಂದು ದುಡಿದು ಎಲ್ಲರನ್ನೂ ಸಾಕಿದಳು. ತಲೆಮಾರಿಗೆ ಒಬ್ಬರಂತೆ ವೀರರು, ರೇಷನ್ ಕಾರ್ಡಿಗೆ ಇಂತಿಷ್ಟು ಸಕ್ಕರೆ ಎಂಬ ಹಾಗೆ.

ನನ್ನ ತಕರಾರು ಇಷ್ಟೇ: ಯಾವ ಮನೆಯಲ್ಲಾದರೂ ನಾಲ್ಕು ತಲೆಮಾರು ಬಿಡುವಿಲ್ಲದೆ ಧೈರ್ಯವಂತರೇ ಹುಟ್ಟುತ್ತಾರೆಯೇ? ನಮ್ಮ ಮನೆಯಲ್ಲಿ ನಾಲ್ಕು ತಲೆಮಾರು ತಪ್ಪದೆ ನಡೆದುಕೊಂಡು ಬಂದಿರುವುದು ಬೊಕ್ಕತಲೆ ಒಂದೇ.

ಈ ಅನುಮಾನದ ಬುದ್ಧಿ ನನಗೆ ಮೈಸೂರಿನ ಕಾಲೇಜಿನಲ್ಲಿ ಅಂಟಿದ್ದು ಎಂದು ಅಮ್ಮ ಹೇಳುತ್ತಾಳೆ. ಅಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಮಾತಾಡಿ ನಾನು ತಂದ ಬಹುಮಾನದ ಕಪ್ಪುಗಳಲ್ಲಿ ಒಂದರಲ್ಲಿ ಅವಳು ಈಗ ಕರಿಬೇವು ಬೆಳೆಸುತ್ತಾಳೆ. ಆದರೆ ರೋಗ ಅದಕ್ಕೂ ಹಳೆಯದು. ನಮ್ಮ ಮುತ್ತಜ್ಜ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋಗಿದ್ದರು ಎಂದು ಅಪ್ಪ ಎಲ್ಲರೆದುರೂ ಹೇಳುತ್ತಿದ್ದರು. ಹದಿನೈದನೆಯ ವಯಸ್ಸಿನಲ್ಲಿ, ಊರಿಗೆ ಹೋದಾಗ, ನಾನು ಮನೆಯ ಮುದುಕರನ್ನೆಲ್ಲ ವಿಚಾರಣೆಗೆ ಗುರಿಪಡಿಸಿ ಸತ್ಯ ಹೊರಗೆಳೆದೆ: ಟಿಕೆಟ್ ಇಲ್ಲದೆ ರೈಲು ಹತ್ತಿದ್ದಕ್ಕೆ ಒಂದು ದಿನ ಕೂಡಿಹಾಕಿದ್ದರು. "ರೈಲೂ ಬ್ರಿಟಿಷರದ್ದೇ ಅಲ್ವೇನೇ?" ಎಂದು ಅಮ್ಮ ರಾಜಿಗೆ ಬಂದಳು. "ಇಲ್ಲಮ್ಮ, ಮಹಾರಾಜರದ್ದು" ಎಂದೆ. ಅಪ್ಪ ಎರಡು ದಿನ ಮಾತಾಡಲಿಲ್ಲ.

ಹೀಗಿದ್ದವಳ ಕೈಗೆ ಪಕ್ಕದ ಮನೆಯವರು ತಮ್ಮ ವಂಶಚರಿತ್ರೆ ಬರೆಯಲು ಕೊಟ್ಟರು. ತಪ್ಪು ಯಾರದು ಎಂಬುದನ್ನು ಆಮೇಲೆ ನೋಡೋಣ.

ನಮ್ಮದು ದೊಡ್ಡದೊಂದು ವಿಲ್ಲಾವನ್ನು ಕಲ್ಲಂಗಡಿಯ ಹಾಗೆ ಹೆಚ್ಚಿ ಐದು ಮನೆ ಮಾಡಿದ ಕಾಂಪೌಂಡು. ನಮ್ಮ ಅಡುಗೆಮನೆಗೂ ಅವರ ಹಾಲಿಗೂ ನಡುವೆ ಇರುವುದು ಹೆಸರಿಗೊಂದು ಗೋಡೆ. ನಮ್ಮ ಒಗ್ಗರಣೆ ಅವರಿಗೆ ಕೇಳಿಸುತ್ತದೆ, ಅವರ ಕರೋಕೆ ನಮಗೆ. ಆ ಮನೆಯ ಒಡತಿ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಾಳೆ. ನಾನು ಎಂಟು ವರ್ಷದವಳಾಗಿದ್ದಾಗಿನಿಂದ ಅವಳನ್ನು 'ತೀತಾ' ಎನ್ನುತ್ತೇನೆ; ಅವರ ಮಾತಿನಲ್ಲಿ ಚಿಕ್ಕಮ್ಮ, ಅತ್ತೆ, ಎದುರುಮನೆ ಆಂಟಿ ಎಲ್ಲಕ್ಕೂ ಅದೊಂದೇ ಪದ. ನನ್ನ ಹಾಲುಹಲ್ಲು ಎರಡನ್ನು ಕಿತ್ತವಳೂ ಅವಳೇ, ಡಾಕ್ಟರಿಗಿಂತ ಚೆನ್ನಾಗಿ. ನಮ್ಮ ನಡುವಿನ ಮಾತೆಲ್ಲ ಇಂಗ್ಲಿಷಿನದು. ನನ್ನ ನೆನಪಿನಲ್ಲಿ ಮಾತ್ರ ಅವಳು ಕನ್ನಡದಲ್ಲೇ ಬೈಯುತ್ತಾಳೆ, ಹಾಗೇ ಬರೆಯುತ್ತಿದ್ದೇನೆ.

ತೀತಾಗೆ ಒಬ್ಬನೇ ಮಗ, ನನ್ನದೇ ವಯಸ್ಸು. ಅವನಿಗೆ ಮೂರು ವರ್ಷವಾಗಿದ್ದಾಗ ಅವನನ್ನು ತನ್ನ ತಾಯಿಯ ಬಳಿ ಬಿಟ್ಟು ಇಲ್ಲಿಗೆ ಬಂದವಳು. ಗಂಡ ಎಂಬಾತ ಆ ಹೊತ್ತಿಗಾಗಲೇ ಬೇರೆ ಸಂಸಾರ ಹೂಡಿಯಾಗಿತ್ತು. ಮಗ ಬೆಳೆದು, ಓದಿ, ಕೆಲವು ವರ್ಷಗಳ ಹಿಂದೆ ತಾನೂ ಕತಾರಿಗೆ ಬಂದು, ಇಲ್ಲಿನ ಹಳೆಯ ಸಂತೆಪೇಟೆ ಸೂಕ್ ವಾಕಿಫ್‌ನ ಒಂದು ಕಾಫಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ತಾಯಿ ಮಗ ಕೊನೆಗೂ ಒಂದೇ ಸೂರಿನಡಿ ಬಂದರು ಎಂದು ಅಮ್ಮ ಪಾಯಸ ಮಾಡಿ ಕೊಟ್ಟಳು. ಪಾಯಸ ಅರಗುವ ಮೊದಲೇ ಅವರ ದೇಶದಲ್ಲಿ ಚುನಾವಣೆ ಬಂತು. ಹಿಂದೆ ಜನ ಬೀದಿಗಿಳಿದು ಓಡಿಸಿದ್ದ ಸರ್ವಾಧಿಕಾರಿಯ ಮಗನೇ ಈಗ ಅಭ್ಯರ್ಥಿ. ಪಕ್ಕದ ಮನೆಯ ಮಗರಾಯ ಎಂಬೆಸಿಗೆ ಹೋಗಿ ಅವನಿಗೇ ಓಟು ಹಾಕಿ, ಶಾಯಿ ಬಳಿದ ಬೆರಳನ್ನು ಫೋಟೊ ತೆಗೆದು ಹಾಕಿಕೊಂಡ. ತನ್ನ ತಂದೆಯನ್ನು ನುಂಗಿದ ಮನೆತನಕ್ಕೆ ತನ್ನ ಮಗನೇ ಓಟು ಹಾಕಿದನೆಂದು ತೀತಾ ಅಂದಿನಿಂದ ಅವನೊಡನೆ ಮಾತು ಬಿಟ್ಟಳು.

ಮಾತು ಬಿಟ್ಟಳೆಂದರೆ ಊಟ ಬಿಡಲಿಲ್ಲ, ಬಟ್ಟೆ ಒಗೆಯುವುದು ಬಿಡಲಿಲ್ಲ. ಹೇಳುವುದಿದ್ದರೆ ಗೋಡೆಯ ಈಚೆಗಿನ ನನ್ನ ಮೂಲಕ.

"ಅವನಿಗೆ ಹೇಳು, ಅನ್ನದ ಕುಕ್ಕರ್ ಆಫ್ ಮಾಡ್ಲಿಲ್ಲ ಅಂತ."

"ಪಕ್ಕದಲ್ಲೇ ಕೂತಿದಾನಲ್ಲ ತೀತಾ."

"ಪಕ್ಕದಲ್ಲಿ ಯಾರೂ ಕಾಣ್ತಿಲ್ಲ ನಂಗೆ."

ಇಂಥ ಹೊತ್ತಿನಲ್ಲಿ ಲೋಲಾ ಬಂದಳು. ಲೋಲಾ ಎಂದರೆ ಅವರಲ್ಲಿ ಅಜ್ಜಿ, ತೀತಾಳ ತಾಯಿ. ಮೂರು ತಿಂಗಳ ವಿಸಿಟ್ ವೀಸಾ, ನಡುವೆ ಎಂಬತ್ತನೆಯ ಹುಟ್ಟುಹಬ್ಬ. ಒಂದು ಶುಕ್ರವಾರ ಕಾಂಪೌಂಡಿನಲ್ಲೇ ಊಟ, ಗೋಡೆಗೆ ದೊಡ್ಡದೊಂದು ಫ್ಲೆಕ್ಸು ಎಂದು ತೀತಾ ತೀರ್ಮಾನಿಸಿದಳು. ಫ್ಲೆಕ್ಸು ಹಾಕಿಸುವ ಚಟದಲ್ಲಿ ಅವರೂ ನಾವೂ ಒಂದೇ ತಾಯಿಯ ಮಕ್ಕಳು. ನಮ್ಮಲ್ಲಿ ಗಣಪತಿ ಕೂರಿಸಿದವನಿಗೂ, ಗಣಪತಿ ಕೂರಿಸಿದವನಿಗೆ ಶುಭಾಶಯ ಕೋರಿದವನಿಗೂ ಫ್ಲೆಕ್ಸು. ಅವರಲ್ಲಿ ನರ್ಸಿಂಗ್ ಪರೀಕ್ಷೆ ಪಾಸಾದವಳಿಗೆ, ಊರಿಗೆ ರಜೆಗೆ ಬಂದವನಿಗೆ, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ. ತೀತಾಳ ಮನಸ್ಸಿನಲ್ಲಿ ವಿನ್ಯಾಸ ಸಿದ್ಧವಾಗಿತ್ತು: 'ವೀರರ ನಾಲ್ಕು ತಲೆಮಾರು', ನಾಲ್ಕು ಫೋಟೊ, ಪ್ರತಿ ಫೋಟೊದ ಕೆಳಗೆ ಎರಡು ಸಾಲು.

"ಡಿಬೇಟ್ ಚಾಂಪಿಯನ್ ಪಕ್ಕದಲ್ಲೇ ಇರೋವಾಗ ನಾನ್ಯಾಕೆ ಬರೀಲಿ?" ಎಂದು ಸಾಲುಗಳನ್ನು ನನಗೆ ಒಪ್ಪಿಸಿದಳು.

"ನಾಲ್ಕನೇ ವೀರ ಯಾರು ತೀತಾ? ಮುತ್ತಜ್ಜ, ಅಜ್ಜ, ಲೋಲಾ..."

"ನಾನೇ. ಹೊರದೇಶದಲ್ಲಿ ದುಡಿಯೋರು ಹೊಸ ವೀರರು ಅಂತ ನಮ್ ಸರ್ಕಾರಾನೇ ಹೇಳತ್ತೆ."

"ಅಜ್ಜ ಅಜ್ಜಿ ಒಂದೇ ತಲೆಮಾರಲ್ವಾ? ಲೆಕ್ಕಕ್ಕೆ ಮೂರೇ ಆಯ್ತು."

ಅವಳು ಮಗ ಕೂತಿದ್ದ ಕಡೆಗೆ ಒಮ್ಮೆ ನೋಡಿ, ಅಲ್ಲಿ ಯಾರೂ ಇಲ್ಲವೆಂದು ಮತ್ತೊಮ್ಮೆ ಖಚಿತಪಡಿಸಿಕೊಂಡು, "ಮೂರಾದ್ರೆ ಫ್ಲೆಕ್ಸ್ ಬಾರ್ಡರ್ ಚೆನ್ನಾಗ್ ಕೂರಲ್ಲ" ಎಂದಳು.

ಆಧಾರವಿಲ್ಲದೆ ಒಂದು ಸಾಲೂ ಬರೆಯುವುದಿಲ್ಲ ಎಂಬ ನನ್ನ ಒಣಜಂಬಕ್ಕೆ, ನೋಟ್‌ಬುಕ್ಕು ಹಿಡಿದು ಲೋಲಾಳ ಎದುರು ಕೂತೆ. ಅವಳ ಇಂಗ್ಲಿಷು ನಮ್ಮೆಲ್ಲರದಕ್ಕಿಂತ ನೆಟ್ಟಗಿತ್ತು. ಅಮೆರಿಕದವರು ದೇಶ ಬಿಡುವಾಗ ಹಳ್ಳಿಯ ಶಾಲೆಯಲ್ಲಿ ಬಿಟ್ಟುಹೋದ ಇಂಗ್ಲಿಷು. ಲೋಲಾ ಲುಂಪಿಯಾ ಸುತ್ತುತ್ತಿದ್ದಳು: ಅಂಗೈ ಅಗಲದ ಹಿಟ್ಟಿನ ಹಾಳೆ, ಒಳಗೆ ಹೂರಣ, ಅಂಚಿಗೆ ನೀರು ಸವರಿ ಮಡಿಕೆ. ನನ್ನ ಕೈಗೂ ಒಂದು ಕಟ್ಟು ಹಾಳೆ ಕೊಟ್ಟಳು. ಅವಳು ಆರು ಸುತ್ತುವಷ್ಟರಲ್ಲಿ ನನ್ನದು ಒಂದು, ಅದೂ ಬಸುರಿಯ ಹೊಟ್ಟೆಯ ಹಾಗೆ.

"ಇದು ನಿಮ್ಮನೆಗೆ ಬೇರೆ ಮಾಡಿದ್ದು, ವೆಜಿಟೇರಿಯನ್" ಎಂದಳು.

"ಒಳಗೇನಿದೆ ಲೋಲಾ?"

"ಕ್ಯಾರೆಟ್, ಕೋಸು, ಸ್ವಲ್ಪವೇ ಸ್ವಲ್ಪ ಕೋಳಿ."

ಮುತ್ತಜ್ಜನಿಂದ ಶುರು ಮಾಡಿದೆ. ಕಾಡಿನಲ್ಲಿ ಎಷ್ಟು ದಿನ ಹೋರಾಡಿದರು? ಲೋಲಾ ನಕ್ಕಳು. ಜಪಾನಿಯರು ಇದ್ದಷ್ಟೂ ಕಾಲ ಅವಳಪ್ಪ ಹಂದಿಗೂಡಿನ ಹಿಂದೆ ಅಡಗಿದ್ದನಂತೆ. ಅವರು ಸೋತು ಹೋದ ಮೇಲೆ ಅಮೆರಿಕದ ಅಧಿಕಾರಿಗಳು ಮೇಜು ಹಾಕಿಕೊಂಡು ಕೂತು, ಕಾಡಿನಲ್ಲಿ ಹೋರಾಡಿದವರು ಬಂದು ಹೆಸರು ಬರೆಸಿ ಎಂದರು. ಹೆಸರು ಬರೆಸಿದವರಿಗೆ ಬೂಟು, ಮಾಂಸದ ಡಬ್ಬಿ, ಒಂದು ಪ್ರಮಾಣಪತ್ರ. "ಯುದ್ಧ ಮುಗಿದ್ ಮಾರನೇ ತಿಂಗಳು ನಮ್ಮೂರಲ್ಲಿ ಹೋರಾಟಗಾರರು ಎಷ್ಟಾದ್ರು ಅಂದ್ರೆ, ಅಷ್ಟು ಜನ ಮೊದ್ಲೇ ಇದ್ದಿದ್ರೆ ಜಪಾನಿಯರು ದೋಣಿಯಿಂದ ಇಳೀತಾನೇ ಇರ್ಲಿಲ್ಲ. ನಾನು ಆಗ ಎದೆಹಾಲು ಕುಡಿಯೋ ಕೂಸು. ಇದೆಲ್ಲ ನಮ್ಮಮ್ಮ ಹೇಳಿದ್ದು, ಅಪ್ಪ ಕುಡಿದಾಗ ಒಪ್ಕೊಂಡಿದ್ದು."

"ಮತ್ತೆ ನಿಮ್ಮಪ್ಪನ ಕುಂಟು ಕಾಲು? ಅದು ಜಪಾನಿನ ಗುಂಡು ಅಂತ ತೀತಾ ಹೇಳ್ತಾಳಲ್ಲ ಲೋಲಾ?"

"ಗುಂಡೇನೋ ಹೌದು. ಜಪಾನಿಂದಲ್ಲ. ಜಮೀನ್ದಾರಂದು."

ಯುದ್ಧದ ನಂತರದ ಮಾತು. ಬೆಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಡೆಯನ ಪಾಲು. ಗೇಣಿದಾರರೆಲ್ಲ ಸೇರಿ, ತಾವೇ ಬೆಳೆದ ಭತ್ತವನ್ನು ಕಣಜದಿಂದ ಹಾಡಹಗಲೇ ಹೊತ್ತು ತಂದರಂತೆ. ಮೊದಲ ಮೂಟೆ ಅವಳಪ್ಪನದು. ಕಾವಲಿನವರು ಗುಂಡು ಹಾರಿಸಿದರು. ಆಮೇಲೆ ಹಾಗೆ ಮಾಡಿದವರನ್ನೆಲ್ಲ ಸರ್ಕಾರ ಕಮ್ಯುನಿಸ್ಟರೆಂದು ಬೇಟೆಯಾಡತೊಡಗಿದಾಗ, ಮನೆಯವರು ಕಾಲಿನ ಗಾಯವನ್ನು ಎರಡು ವರ್ಷ ಹಿಂದಕ್ಕೆ ಸರಿಸಿ ಜಪಾನಿಯರ ಹೆಸರಿಗೆ ಬರೆದರು. ಅಂದರೆ ಆ ಮನುಷ್ಯ ನಿಜವಾಗಿ ಧೈರ್ಯ ತೋರಿದ್ದನ್ನು ಮುಚ್ಚಿಟ್ಟು, ಹಂದಿಗೂಡಿನ ಹಿಂದೆ ಕೂತಿದ್ದಕ್ಕೆ ಫ್ಲೆಕ್ಸು ಹಾಕುತ್ತಿದ್ದೇವೆ. ನನಗೆ ರೋಮಾಂಚನವಾಯಿತು. ಇಂಥ ತಪ್ಪು ಸಿಕ್ಕಿದರೆ ನನಗೆ ಹಬ್ಬದೂಟ.

ಟ್ಯಾಂಕಿನ ಪ್ರಶ್ನೆಗೆ ಉತ್ತರ ಇನ್ನೂ ಚೆನ್ನಾಗಿತ್ತು. ಸರ್ವಾಧಿಕಾರಿಯ ವಿರುದ್ಧ ರಾಜಧಾನಿಯ ಹೆದ್ದಾರಿಯಲ್ಲಿ ಲಕ್ಷಾಂತರ ಜನ ಕೂತಿದ್ದಾರೆಂದು ರೇಡಿಯೊದಲ್ಲಿ ಕೇಳಿ, ಲೋಲಾ ಪಕ್ಕದ ಮನೆಯವಳ ಜೊತೆ ಬಸ್ಸು ಹತ್ತಿದ್ದು ನಿಜ. ಬುಟ್ಟಿಯಲ್ಲಿ ಮಾರಲೆಂದು ಬೇಯಿಸಿದ ಮುಸುಕಿನ ಜೋಳದ ತೆನೆ. "ಅಷ್ಟೊಂದು ಜನ, ಯಾರೂ ಊಟ ತಂದಿಲ್ಲ. ದೇವರೇ ದಾರಿ ತೋರಿಸಿದ ಅಂದ್ಕೊಂಡೆ." ಟ್ಯಾಂಕಿನ ಎದುರು ನಿಂತದ್ದೂ ನಿಜ. ಮೇಲೆ ಕೂತಿದ್ದ ಸಿಪಾಯಿ ಎರಡು ತೆನೆ ತೆಗೆದುಕೊಂಡ. ಜಪಮಾಲೆ? ಜಪಮಾಲೆ ಕೊರಳಲ್ಲಿ ಯಾವಾಗಲೂ ಇರುತ್ತಿತ್ತು. ತೀತಾ ಆಗ ಟೈಪಿಂಗ್ ಪರೀಕ್ಷೆಗೆಂದು ಊರಲ್ಲೇ ಉಳಿದಿದ್ದಳು. ತಾಯಿ ವಾಪಸು ಬಂದ ಮೇಲೆ ಅವಳೇ ಬುಟ್ಟಿಯನ್ನು ಕಥೆಯಿಂದ ತೆಗೆದುಹಾಕಿದ್ದು.

"ಸರಿ. ಈಗ ಅಜ್ಜ" ಎಂದೆ.

ಲೋಲಾಳ ಕೈ ನಿಲ್ಲಲಿಲ್ಲ. ಅವನು ಸಕ್ಕರೆ ಕಾರ್ಖಾನೆಯಲ್ಲಿ ಲಾರಿ ಓಡಿಸುತ್ತಿದ್ದ, ಯೂನಿಯನ್ನಿನಲ್ಲಿದ್ದ. ಸರ್ವಾಧಿಕಾರಿ ಸೇನೆಯ ಆಡಳಿತ ಹೇರಿದ ಮೇಲೆ ಯೂನಿಯನ್ನಿನವರು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದರು. ಒಂದು ಬೆಳಗ್ಗೆ ಬನ್ನು ತರಲು ಬೇಕರಿಗೆ ಹೋದ. ಬರಲಿಲ್ಲ. ಬೇಕರಿಯ ಎದುರು ಹಸಿರು ಜೀಪು ನಿಂತಿತ್ತೆಂದು ಬೇಕರಿಯವನು ಹೇಳಿದ.

"ಯಾರಿಗೆ ಹೇಳಿದ?"

"ನಂಗೆ."

"ಬೇರೆ ಯಾರಿಗೂ ಹೇಳ್ಲಿಲ್ವಾ?"

"ಆ ಕಾಲದಲ್ಲಿ ಒಬ್ರಿಗೆ ಹೇಳೋದೇ ಹೆಚ್ಚು." ನಂತರ ತನ್ನಷ್ಟಕ್ಕೆ ಎಂಬಂತೆ, "ಅವತ್ತು ಚರ್ಚಿಗೆ ಹಾಕೋ ಬೂಟು ಹಾಕ್ಕೊಂಡ್ ಹೋಗಿದ್ದ" ಎಂದಳು. ನಾನು ತಲೆಯೆತ್ತಿದೆ. ಅವಳು ಹೂರಣದ ಪಾತ್ರೆ ಖಾಲಿಯಾಗದಿದ್ದರೂ ಎದ್ದು ಕೈ ತೊಳೆದು, "ಅವನ ವಿಷ್ಯ ನನ್ ಮಗಳು ಹೇಳ್ದಂಗೆ ಬರ್ಕೊ" ಎಂದಳು.

ಬನ್ನು ತರಲು ಚರ್ಚಿನ ಬೂಟು ಯಾರು ಹಾಕುತ್ತಾರೆ?

ಈ ಪ್ರಶ್ನೆ ಹೊತ್ತು ಮಾರನೆಯ ದಿನವೇ ಸೂಕ್ ವಾಕಿಫ್‌ಗೆ ಹೋದೆ. ಮಗರಾಯ ಕೌಂಟರಿನ ಹಿಂದೆ ನಿಂತು, ಯಾರದೋ ಕಪ್ಪಿನ ನೊರೆಯ ಮೇಲೆ ಹಂಸ ಬಿಡಿಸುತ್ತಿದ್ದ. ಬೂಟಿನ ಸಂಗತಿ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ಬೂಟು ಬಿಡು. ಮೇಣದಬತ್ತಿ ವಿಷ್ಯ ಹೇಳಿದ್ಲಾ?"

"ಯಾವ ಮೇಣದಬತ್ತಿ?"

ಅವನು ಹೇಳಿದ್ದು ಇದು. ನವೆಂಬರ್ ಒಂದರಂದು ಅವರಲ್ಲಿ ಊರಿಗೆ ಊರೇ ಸ್ಮಶಾನದಲ್ಲಿರುತ್ತದೆ. ಗೋರಿ ತೊಳೆದು, ಬಣ್ಣ ಹಚ್ಚಿ, ಬತ್ತಿ ಬೆಳಗಿ, ಅಲ್ಲೇ ಚಾಪೆ ಹಾಸಿ ಉಂಡು, ಇಸ್ಪೀಟಾಡುತ್ತಾರೆ. ನಮ್ಮ ಪಿತೃಪಕ್ಷವೇ, ಆದರೆ ಕಾಗೆಗೆ ಕಾಯುವ ಬದಲು ಸತ್ತವರ ತಲೆಯ ಮೇಲೇ ಕೂತು ತಿನ್ನುವುದು. ಗೋರಿ ಇಲ್ಲದವರಿಗೆ, ಅಂದರೆ ಕಡಲಲ್ಲಿ ಮುಳುಗಿದವರಿಗೆ, ಪರದೇಶದಲ್ಲಿ ಸತ್ತವರಿಗೆ, ಹೆಣವೇ ಸಿಗದವರಿಗೆ, ಸ್ಮಶಾನದ ನಡುವಿನ ದೊಡ್ಡ ಶಿಲುಬೆಯ ಕೆಳಗೆ ಬತ್ತಿ ಹಚ್ಚಬೇಕು. ಲೋಲಾ ಪ್ರತಿ ವರ್ಷ ಅಲ್ಲಿ ಆರು ಹಚ್ಚುತ್ತಾಳೆ. ಮೂರು ವರ್ಷದವನಿದ್ದಾಗಿನಿಂದ ಬತ್ತಿಯ ಪೆಟ್ಟಿಗೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದವನು ಇವನು. ಆರೂ ಯಾರಿಗೆಂದು ಬಾಯಿಪಾಠ. ಕೊನೆಯದು, ರಾಜಧಾನಿಗೆ ಹೋಗಿ ಅಲ್ಲೇ ಸತ್ತ ಒಬ್ಬ ದರ್ಜಿಗೆ; ಅವಳ ಮದುವೆಯ ಬಟ್ಟೆ ಕೆಡಿಸಿದವನು.

"ದರ್ಜಿಗೆ ಹಚ್ತಾಳೆ. ಗಂಡಂಗೆ ಇಲ್ಲಿತನಕ ಒಂದೂ ಇಲ್ಲ. ಯಾಕೆ ಹೇಳು?"

"ಯಾಕೆ?"

"ಅವನು ಸತ್ತಿಲ್ಲ ಅಂತ ಅವಳಿಗೆ ಗೊತ್ತು. ಬಿಟ್ಟು ಹೋದ, ಅಷ್ಟೇ. ಬೂಟು ಹಾಕ್ಕೊಂಡು, ಬಸ್ ಹತ್ಕೊಂಡು. ಆಗ ಎಲ್ರೂ ಸೌದಿಗೆ ಹೋಗೋಕೆ ಶುರು ಮಾಡಿದ್ರು. ಜೀಪು ಗೀಪು ಎಲ್ಲ ಮಕ್ಕಳಿಗೆ ಹೇಳೋ ಕಥೆ." ಹಾಲಿನ ಜಗ್ಗನ್ನು ಮೇಜಿಗೆ ಕುಕ್ಕಿದ. "ನಮ್ ಮನೇಲಿ ಹೋದೋರೆಲ್ಲ ಹೀರೋಗಳು. ಉಳ್ಕೊಂಡೋರು ಏನು? ಫ್ಲೆಕ್ಸಲ್ಲಿ ನನ್ ಫೋಟೊ ಎಲ್ಲಿದೆ?"

ಆ ಕೊನೆಯ ಮಾತಿಗೆ ನಾನು ಕಿವಿ ಕೊಡಬೇಕಿತ್ತು. ಆದರೆ ತಲೆಯಲ್ಲಿ ಆಗಲೇ ವಾದ ಸಾಲುಗಟ್ಟಿ ನಿಂತಿತ್ತು: ಬೂಟು, ಬತ್ತಿ, ಒಬ್ಬಳೇ ಸಾಕ್ಷಿ. ಸಭೆಯೊಂದೇ ಬಾಕಿ.

ಸಭೆ ಸಿಕ್ಕಿದ್ದು ಅಲ್ ಮನ್ಸೂರಾದ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ. ಮಲಯಾಳಿ ಚೇಟಾ ಕಂಪ್ಯೂಟರಿನ ಎದುರು, ಅವನ ಬೆನ್ನ ಹಿಂದೆ ತೀತಾ, ನಾನು, ಹಾಗೂ ಫ್ಲೆಕ್ಸು ಹೊತ್ತೊಯ್ಯಲೆಂದು ನಾನೇ ಕರೆತಂದಿದ್ದ, ತೀತಾಗೆ ಕಾಣದ ಮಗ. ಮುತ್ತಜ್ಜನ ಸುತ್ತ ಚೇಟಾ ಬಂಗಾರದ ಚೌಕಟ್ಟು ಕೂರಿಸಿದ, ಹೂವಿನ ಹಾರ ಹಾಕಿದ, ಕೆಳಗೊಂದು ಉರಿಯುವ ದೀಪ ಇಟ್ಟ. ಲೋಲಾಳ ಸುತ್ತ ಬಲೂನು. ಅಜ್ಜನ ಫೋಟೊ ಬಂತು. ಮದುವೆಯ ದಿನ ತೆಗೆದದ್ದು, ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ಈಗಿನ ಮೊಮ್ಮಗನ ತದ್ರೂಪು ಮೂಗು. ಚೇಟಾ ಹಿಂದಕ್ಕೆ ತಿರುಗಿ ಹಿಂದಿಯಲ್ಲಿ ನನ್ನನ್ನು ಕೇಳಿದ:

"ಇವರು ಇದಾರಾ, ಹೋದ್ರಾ?"

ನಾನು ಅದನ್ನು ತೀತಾಗೆ ತಲುಪಿಸಿದೆ.

"ಹಾಗಂದ್ರೆ?"

"ಹೋಗಿದ್ರೆ ಹಾರ, ದೀಪ. ಇದ್ರೆ ಬಲೂನು. ನನ್ನ ಟೆಂಪ್ಲೇಟಲ್ಲಿ ಎರಡೇ" ಎಂದ ಚೇಟಾ, ಮೌಸಿನ ಮೇಲೆ ಬೆರಳಿಟ್ಟು.

ತೀತಾ ಬಾಯಿ ತೆರೆದಳು. ಏನೂ ಬರಲಿಲ್ಲ. ಅರ್ಧ ಶತಮಾನ ಆ ಕಥೆ ಹೇಳಿಕೊಂಡು ಬಂದವಳನ್ನು ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲವೇನೋ. ಎತ್ತಿಕೊಂಡು ಹೋದರು ಎನ್ನುವವಳು ಸತ್ತರು ಎಂಬ ಮಾತನ್ನು ಒಮ್ಮೆಯೂ ಹೇಳಿದ್ದಿಲ್ಲ.

ಆಗ ನಾನು ಬಾಯಿ ಹಾಕಿದೆ. ಹಾಕಬಾರದಿತ್ತು. ಆದರೆ ಮೌನ ಕಂಡರೆ ಅದನ್ನು ನನಗೆ ಸಿಕ್ಕ ಸಮಯವೆಂದೇ ತಿಳಿಯುವುದು ನನ್ನ ಚಾಳಿ. "ತೀತಾ, ಬಲೂನೂ ಇರಬಹುದು" ಎಂದು ಶುರು ಮಾಡಿದೆ. ಜೀಪನ್ನು ಕಂಡದ್ದು ಬೇಕರಿಯವನೊಬ್ಬ, ಅವನ ಮಾತು ಕೇಳಿದ್ದು ಲೋಲಾ ಒಬ್ಬಳು. ಬನ್ನಿಗೆ ಹೋಗುವವನು ಚರ್ಚಿನ ಬೂಟು ಹಾಕಿದ್ದ. ಎಲ್ಲಕ್ಕಿಂತ ದೊಡ್ಡದು, ಶಿಲುಬೆಯ ಕೆಳಗೆ ಆರು ಬತ್ತಿ ಹಚ್ಚುವಾಗ ದರ್ಜಿಗೂ ಒಂದು ಹಚ್ಚುವ ಹೆಂಡತಿ ಗಂಡನಿಗೆ ಹಚ್ಚುವುದಿಲ್ಲ. ಹಾಗಾಗಿ... ಎನ್ನುವ ಹೊತ್ತಿಗೆ ನನ್ನ ದನಿ ವೇದಿಕೆಯ ದನಿಯೇ ಆಗಿಬಿಟ್ಟಿತ್ತು. ಹಾಳಾದ್ದು, ಮೂರು ಬೆರಳೆತ್ತಿ ಎಣಿಸುತ್ತಲೂ ಇದ್ದೆ.

ತೀತಾ ನನ್ನತ್ತ ನೋಡಿದ ನೋಟ ಹಲ್ಲು ಕೀಳುವಾಗಿನದಲ್ಲ.

"ಬೂಟು ಯಾಕೆ ಹಾಕಿದ್ರು ಅಂತ ನಂಗೆ ಗೊತ್ತು" ಎಂದಳು. "ಹಿಂದಿನ್ ದಿನ ಅವರ ಚಪ್ಪಲಿ ಹಾಕ್ಕೊಂಡು ಅಂಗಳದಲ್ಲಿ ಕುಣೀತಿದ್ದೆ. ಪಟ್ಟಿ ಕಿತ್ತುಹೋಯ್ತು. ಬೈತಾರೆ ಅಂತ ಬಾವಿ ಹಿಂದೆ ಬಿಸಾಕಿದೆ. ಬೆಳಗ್ಗೆ ಹುಡುಕಿದ್ರು. ಸಿಗ್ಲಿಲ್ಲ. ಅದಕ್ಕೇ ಬೂಟು ಹಾಕ್ಕೊಂಡ್ರು. ನಂಗೆ ಐದು ವರ್ಷ. ಇದನ್ನ ನಮ್ಮಮ್ಮಂಗೂ ಹೇಳಿಲ್ಲ." ನಂತರ, "ಬೂಟು ಕಚ್ತಿತ್ತು ಅವರಿಗೆ. ಓಡೋಕೆ ಆಗ್ತಿರ್ಲಿಲ್ಲ" ಎಂದಳು.

ಚೇಟಾಗೆ ಇಂಗ್ಲಿಷು ಎಷ್ಟು ತಿಳಿಯಿತೋ, ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಬೂಟಿನ ವಾದ ಬಿದ್ದುಹೋಯಿತು. ಯಾವ ತೀರ್ಪುಗಾರನಾದರೂ ಅಲ್ಲಿಗೆ ನನ್ನ ಅಂಕ ಕಳೆಯುತ್ತಿದ್ದ. ಆದರೆ ಬತ್ತಿ ಉಳಿದಿತ್ತು, ಅದು ತೀತಾಗೆ ಹೊಸದು. ಇಪ್ಪತ್ತು ವರ್ಷಗಳಲ್ಲಿ ಅವಳಿಗೆ ನವೆಂಬರಿನಲ್ಲಿ ರಜೆ ಸಿಕ್ಕಿದ್ದೇ ಇಲ್ಲ. ಅದಕ್ಕೂ ಹಿಂದೆ ಎಷ್ಟು ಬತ್ತಿ ಎಂದು ಎಣಿಸಬೇಕೆಂದು ತೋಚಿರಲಿಲ್ಲ. ಅವಳು ತಿರುಗಿ, ಆ ಎಲ್ಲ ತಿಂಗಳುಗಳ ನಂತರ ಮೊದಲ ಸಲ, ಮಗ ನಿಂತಿದ್ದ ಜಾಗದಲ್ಲಿ ಮಗನನ್ನು ಕಂಡಳು.

"ಆರೇನಾ?"

"ಆರೇ ಮಾಮಾ" ಎಂದ ಅವನು. ಅವರಲ್ಲಿ ಅಮ್ಮನನ್ನು ಹಾಗೂ ಕರೆಯುತ್ತಾರೆ. ಗೆದ್ದವನ ಮುಖವಲ್ಲ ಅದು. ಪೆಟ್ಟಿಗೆ ಹಿಡಿದು ನಿಂತ ಮೂರು ವರ್ಷದವನ ಮುಖ.

ಗೆಲ್ಲುವ ಭರದಲ್ಲಿ ನನಗೆ ಹೊಳೆಯದೇ ಇದ್ದದ್ದು ವಾಪಸು ಬರುವಾಗ, ಮೆಟ್ರೊದಲ್ಲಿ ನಿಂತಾಗ ಹೊಳೆಯಿತು. ಬತ್ತಿ ಹಚ್ಚದಿರುವುದಕ್ಕೆ ಎರಡು ಕಾರಣ ಇರಬಹುದು. ಬದುಕಿದ್ದಾನೆ ಎಂದು ಗೊತ್ತಿರುವವಳು ಹಚ್ಚುವುದಿಲ್ಲ. ಸತ್ತಿದ್ದಾನೆ ಎಂದು ಒಪ್ಪದವಳೂ ಹಚ್ಚುವುದಿಲ್ಲ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಕತ್ತಲೆ. ಮೊದಲನೆಯದಾದರೆ ತೀತಾಳ ಅಪ್ಪ ಐದು ವರ್ಷದ ಮಗಳನ್ನು ಬಿಟ್ಟು ನಡೆದವನು. ಎರಡನೆಯದಾದರೆ, ಅವಳು ಎಸೆದ ಚಪ್ಪಲಿಯಿಂದಾಗಿ ಓಡಲಾಗದೆ ಸಿಕ್ಕಿಬಿದ್ದವನು. ಎರಡರಲ್ಲಿ ಯಾವುದು ಬೇಕೆಂದು ಅವಳನ್ನು ಕೇಳುವಷ್ಟು ಗಂಡೆದೆ ನನಗಿರಲಿಲ್ಲ. ಮೂರು ವರ್ಷ ಪರ ಮತ್ತು ವಿರೋಧ ಎರಡೂ ಕಡೆ ಮಾತಾಡುವುದನ್ನು ಕಲಿತವಳು, ಅಂಗಡಿಯಲ್ಲಿ ಒಂದೇ ಕಡೆ ನಿಂತುಬಿಟ್ಟಿದ್ದೆ.

ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಬೀನ್ಸಿನ ನಾರು ತೆಗೆಯುತ್ತಾ ಕೇಳಿಸಿಕೊಂಡು, "ರೈಲಿನ ವಿಷ್ಯ ಆದ್ಮೇಲೂ ಬುದ್ಧಿ ಬರ್ಲಿಲ್ವಲ್ಲೇ ನಿಂಗೆ" ಎಂದಳು. ಅಪ್ಪ ಪೇಪರಿನ ಹಿಂದಿನಿಂದ, "ಮಹಾರಾಜರ ರೈಲು" ಎಂದು ಸೇರಿಸಿದರು.

ಕೊನೆಗೆ ತೀತಾ ಫ್ಲೆಕ್ಸಿಗೆ ಹೇಳಿದ್ದು: ಅಜ್ಜನಿಗೆ ಹಾರವೂ ಬೇಡ, ದೀಪವೂ ಬೇಡ, ಬಲೂನೂ ಬೇಡ, ಕೆಳಗೆ ಸಾಲೂ ಬೇಡ. ಬರೀ ಫೋಟೊ. "ಖಾಲಿ ಕಾಣತ್ತಲ್ಲ" ಎಂದು ಚೇಟಾ ಎರಡು ಸಲ ಫೋನ್ ಮಾಡಿ ಕೇಳಿದ, ಬಿಟ್ಟಿಯಾಗಿ ಎರಡು ಪಾರಿವಾಳ ಹಾಕಿಕೊಡುತ್ತೇನೆಂದ. ಇನ್ನೊಂದು ಬದಲಾವಣೆಯನ್ನು ನಾನು ಕೇಳದೆಯೇ ಮಾಡಿದಳು. ಕೊನೆಯ ಚೌಕಟ್ಟಿನಲ್ಲಿ ತನ್ನ ಒಂಟಿ ಫೋಟೊ ತೆಗೆದು, ಮೂರು ವರ್ಷದ ಮಗನನ್ನು ಎತ್ತಿಕೊಂಡ ಹಳೆಯದೊಂದನ್ನು ಹಾಕಿಸಿದಳು. ಅಂತೂ ತಲೆಮಾರಿನ ಲೆಕ್ಕ ನಾಲ್ಕಕ್ಕೆ ಸರಿಹೋಯಿತು. ಮುತ್ತಜ್ಜನ ಕೆಳಗೆ ನಾನು ಬರೆದ ಸಾಲು: 'ಮೊದಲ ಮೂಟೆ ಹೊತ್ತವರು'. ಯಾರಿಗೂ ಅರ್ಥವಾಗಲಿಲ್ಲ. ಲೋಲಾಗೆ ಆಯಿತು.

ಶುಕ್ರವಾರ ಕಾಂಪೌಂಡಿನ ಗೋಡೆಗೆ ಏಣಿ ಹಾಕಿ ಮಗರಾಯ ಫ್ಲೆಕ್ಸು ಕಟ್ಟಿದ. ಕೆಳಗೆ ನಿಂತ ತೀತಾ, ನನ್ನ ಮಧ್ಯಸ್ಥಿಕೆಯಿಲ್ಲದೆ, "ಎಡಗಡೆ ಇಳಿದಿದೆ" ಎಂದಳು. ಅವನು ಎತ್ತಿದ. "ಈಗ ಬಲಗಡೆ ಇಳೀತು." "ಮಾಮಾ, ಗೋಡೆನೇ ಸೊಟ್ಟ." "ಓಟು ಹಾಕಿದ್ ಕೈಯಲ್ಲೇ ಕಟ್ತಿದೀಯ, ಇನ್ನೇನಾಗತ್ತೆ." ಇದನ್ನು ರಾಜಿ ಎನ್ನಬಹುದೇ? ನಾನು ತೀರ್ಪುಗಾರಳಾಗಿದ್ದರೆ ಎನ್ನುತ್ತಿದ್ದೆ.

ಲೋಲಾ ನೀಲಿ ಗೌನು ತೊಟ್ಟು ಫ್ಲೆಕ್ಸಿನ ಎದುರು ಬಂದು ನಿಂತಳು. ತನ್ನ ಬಲೂನುಗಳನ್ನು ನೋಡಿ ನಕ್ಕಳು. ಗಂಡನ ಫೋಟೊದ ಮುಂದೆ ತುಂಬ ಹೊತ್ತು ನಿಂತು, ಚೌಕಟ್ಟಿನ ಕೆಳಗಿನ ಖಾಲಿ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು, ಮೇಜಿನ ಮೇಲಿನ ತುಣುಕು ಒರೆಸುವವರ ಹಾಗೆ. ತೀತಾ ಪಕ್ಕದಲ್ಲೇ ಇದ್ದಳು. ಆಮೇಲೆ ಕರೋಕೆ ಶುರುವಾಯಿತು. ಅಮ್ಮ, ಬೇಡ ಬೇಡ ಎನ್ನುತ್ತಲೇ ಮೈಕು ಹಿಡಿದು ಒಂದು ದೇವರನಾಮ ಹಾಡಿದಳು. ಯಂತ್ರ ತೊಂಬತ್ತೊಂದು ಅಂಕ ಕೊಟ್ಟಿತು. ಆ ಯಂತ್ರಕ್ಕಿಂತ ಪಕ್ಷಪಾತಿ ತೀರ್ಪುಗಾರನನ್ನು ನಾನು ಕಂಡಿಲ್ಲ.

ವೀಸಾ ಮುಗಿಯುವ ಮುನ್ನ ಲೋಲಾ ಊರಿಗೆ ಹೊರಟಳು. ಫ್ಲೆಕ್ಸನ್ನು ಮಡಚಿ, ತೀತಾ ಊರಿಗೆ ಕಳಿಸುವ ದೊಡ್ಡ ರಟ್ಟಿನ ಪೆಟ್ಟಿಗೆಯ ತಳಕ್ಕೆ ಹಾಸಿದರು. ಮೇಲೆ ಸೋಪು, ಟೂತ್‌ಪೇಸ್ಟು, ಟವೆಲು. ಪ್ರತಿಯೊಂದರ ಮೇಲೂ ಯಾರಿಗೆಂದು ಮಾರ್ಕರಿನಲ್ಲಿ ಹೆಸರು. ತೀತಾ ಒಂದು ಮೇಣದಬತ್ತಿಯ ಪೊಟ್ಟಣವನ್ನೂ ಇಟ್ಟದ್ದನ್ನು ನಾನು ನೋಡಿದೆ. ಅದರ ಮೇಲೆ ಹೆಸರಿರಲಿಲ್ಲ.

ನವೆಂಬರ್ ಒಂದು. ಅಲ್ಲಿ ಸಂಜೆ, ಇಲ್ಲಿ ಮಧ್ಯಾಹ್ನ. ತೀತಾ ರಜೆ ಹಾಕಿ ಮನೆಯಲ್ಲಿದ್ದಳು. ಮಗ ಶಿಫ್ಟು ಬದಲಿಸಿಕೊಂಡಿದ್ದ. ನಾನು ಸಾರು ಕೊಡುವ ನೆಪದಲ್ಲಿ ಹೋಗಿ ಕೂತೆ. ಸಾರು ತಣ್ಣಗಾಗಿತ್ತು, ಯಾರೂ ಕೇಳಲಿಲ್ಲ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದ್ದರು. ಆ ತುದಿಯಲ್ಲಿ ಯಾರೋ ಸಂಬಂಧಿ ಫೋನು ಹಿಡಿದು ಗೋರಿಗಳ ನಡುವೆ ನಡೆಯುತ್ತಿದ್ದ: ಬಿಳಿ ಬಣ್ಣ, ಚಾಪೆ, ಚಿಪ್ಸು ತಿನ್ನುವ ಮಕ್ಕಳು, ರೇಡಿಯೊ. ಆಮೇಲೆ ದೊಡ್ಡ ಶಿಲುಬೆ. ಅದರ ಬುಡದಲ್ಲಿ ಬಾಗಿ ನಿಂತ ಲೋಲಾ.

ಒಂದು ಹಚ್ಚಿದಳು. ಎರಡು. ಮಗರಾಯ ಪಿಸುದನಿಯಲ್ಲಿ ಯಾರು ಯಾರಿಗೆಂದು ಹೇಳುತ್ತಾ ಹೋದ. ಗಾಳಿಗೆ ನಾಲ್ಕನೆಯದು ಆರಿತು, ಮತ್ತೆ ಹಚ್ಚಿದಳು. ಐದು. "ಇದು ದರ್ಜಿ" ಎಂದ, ಆರು.

ಲೋಲಾ ಬೆಂಕಿಪೊಟ್ಟಣ ಜೇಬಿಗೆ ಹಾಕಲಿಲ್ಲ. ಎಡಗೈಯಲ್ಲಿ ಇನ್ನೊಂದು ಬತ್ತಿ ಇತ್ತು. ಅದರ ತುದಿ ಬೆಳ್ಳಗೆ, ಹೊಸದು. ಅದನ್ನು ಹಿಡಿದು, ಹಿಂದೆ ಸಾಲುಗಟ್ಟಿ ಕಾಯುತ್ತಿದ್ದವರಿಗೆ ದಾರಿಯನ್ನೂ ಬಿಡದೆ, ಸುಮ್ಮನೆ ನಿಂತಳು. ನಾನು ಬಾಯಿ ಬಿಡಲಿಲ್ಲ. ಜೀವನದಲ್ಲಿ ಮೊದಲ ಸಲ ಸಭೆ, ಸಮಯ, ಪ್ರಶ್ನೆ ಮೂರೂ ಇದ್ದು ನಾನು ಬಾಯಿ ಬಿಡಲಿಲ್ಲ.

ತೀತಾ ಫೋನಿನ ಹತ್ತಿರಕ್ಕೆ ಬಾಗಿದಳು. ಮಗ ಅವಳ ಕುರ್ಚಿಯ ಬೆನ್ನು ಹಿಡಿದಿದ್ದ. ಅವಳು ಅವರ ಭಾಷೆಯಲ್ಲೇ ಕೇಳಿದಳು, ಅವನು ನನ್ನ ಕಿವಿಯಲ್ಲಿ ಇಂಗ್ಲಿಷಿಗೆ ತಂದ, ನಾನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ಬಾಯಿ ದಾಟಿದರೂ ಅದು ಬದಲಾಗುವಂಥ ಪ್ರಶ್ನೆಯಲ್ಲ:

"ಅಮ್ಮಾ, ಅದನ್ನ ಹಚ್ತೀಯಾ, ಇಲ್ಲ ವಾಪಸ್ ಮನೆಗೆ ತಗೊಂ‌ಡ್ ಹೋಗ್ತೀಯಾ?"